ಹಲಸೂರಿನ ಮರ್ಯಾದಸ್ತ ಪಂಚ

ಹಲಸೂರು ಬಜಾರಿನ ಹಿಂದಿನ ಗಲ್ಲಿಯಲ್ಲಿ ಮುನಿರಾಜಪ್ಪನ ರಾಗಿ ಮಿಷನ್ನು ಇತ್ತು. ಅದು ಓಡುತ್ತಿದ್ದಾಗ ಕಿವಿಯ ಪಕ್ಕ ಪಟಾಕಿ ಹೊಡೆದರೂ ಕೇಳಿಸುತ್ತಿರಲಿಲ್ಲ. ಬೀದಿಯ ತುದಿಯಲ್ಲಿ ಸರ್ಕಾರಿ ಜೀಪು ನಿಂತ ಸದ್ದು ಮಾತ್ರ ಅವನಿಗೆ ಹೇಗೋ ಕೇಳಿಸಿಬಿಡುತ್ತಿತ್ತು. ಕೇಳಿಸಿದ ತಕ್ಷಣ ಮಿಷನ್ನು ನಿಲ್ಲಿಸಿ, ತಲೆಯ ಮೇಲಿನ ಹಿಟ್ಟು ಕೊಡವಿ, ಗೂಟಕ್ಕೆ ನೇತುಹಾಕಿದ್ದ ಬಿಳಿ ಅಂಗಿ ತೊಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಸಾಲಿನಲ್ಲಿದ್ದ ಹೆಂಗಸರು ಗೊಣಗಿದರೆ, "ಸರ್ಕಾರದ ಕೆಲ್ಸ ಕಣ್ರಮ್ಮಾ. ನಿಮ್ಮ ರಾಗಿ ಎಲ್ಲೂ ಓಡಿಹೋಗಲ್ಲ" ಎಂದು ಗದರುತ್ತಿದ್ದ.

ಸರ್ಕಾರದ ಕೆಲಸ ಎಂದರೆ ಪಂಚನ ಕೆಲಸ. ಕಳ್ಳಚಿನ್ನ ಹಿಡಿಯುವ ಚಿನ್ನದ ಇಲಾಖೆಯವರು ಯಾರ ಮನೆಯ ಮೇಲಾದರೂ ದಾಳಿ ಮಾಡಿದರೆ ಆ ಜಾಗದ ಇಬ್ಬರು ಮರ್ಯಾದಸ್ತರು ಪಂಚರಾಗಿ ಜೊತೆಗಿರಬೇಕು. ಸಿಕ್ಕಿದ್ದನ್ನು ಕಣ್ಣಾರೆ ನೋಡಬೇಕು, ಮಹಜರಿಗೆ ಸಹಿ ಹಾಕಬೇಕು, ಆಮೇಲೆ ಕೋರ್ಟಿನ ಕಟಕಟೆಯಲ್ಲಿ ನಿಂತು "ಹೌದು, ನೋಡಿದೆ" ಎನ್ನಬೇಕು. ಕಾನೂನು ಬರೆದವರಿಗೇನು, ಬರೆದುಬಿಟ್ಟರು. ಜೀಪು ನಿಂತ ಬೀದಿಯಲ್ಲಿ ಮರ್ಯಾದಸ್ತರು ಎಲ್ಲಿ ಸಿಗುತ್ತಾರೆ? ಒಬ್ಬನಿಗೆ ಆಗಲೇ ಹೊಟ್ಟೆನೋವು ಬಂದಿರುತ್ತದೆ, ಇನ್ನೊಬ್ಬ ಸ್ನಾನಕ್ಕೆ ಹೋಗಿರುತ್ತಾನೆ, ಮತ್ತೊಬ್ಬನ ಮನೆಗೆ ಹೊರಗಿನಿಂದಲೇ ಬೀಗ ಬಿದ್ದಿರುತ್ತದೆ, ಒಳಗೆ ಒಗ್ಗರಣೆ ಸಿಡಿಯುತ್ತಿರುತ್ತದೆ. ಇಂಥ ಊರಿನಲ್ಲಿ ಕರೆಯುವ ಮೊದಲೇ ಅಂಗಿ ತೊಟ್ಟು ನಿಲ್ಲುವ ಮನುಷ್ಯ ಸಿಕ್ಕಿದರೆ ಇಲಾಖೆ ಬಿಟ್ಟೀತೇ? ಹಲಸೂರಿನ ದಾಳಿಗೂ ಅವನೇ ಸ್ಥಳೀಯ ನಿವಾಸಿ, ಶಿವಾಜಿನಗರದ ದಾಳಿಗೂ ಅವನೇ ಸ್ಥಳೀಯ ನಿವಾಸಿ. ಕೆ.ಆರ್. ಪುರದ ಸಂತೆಯಲ್ಲಿ ಯಾರನ್ನೋ ಹಿಡಿದರೆ ಅಲ್ಲಿಗೂ ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಅವನನ್ನೇ ಸ್ಥಳೀಯ ನಿವಾಸಿ ಮಾಡುತ್ತಿದ್ದರು. ಇನ್ನೊಬ್ಬ ಪಂಚ ಸೋಡಾ ಅಂಗಡಿಯ ಮುನಿಶಾಮಿ. ಯಾರಾದರೂ ಕಾಫಿ ಕೊಡಿಸಿದರೆ ಅವನು ಯಾವ ಊರಿನ ನಿವಾಸಿ ಬೇಕಾದರೂ ಆಗುತ್ತಿದ್ದ.

ಮುನಿರಾಜಪ್ಪ ಮಾತ್ರ ಕಾಫಿಗಾಗಿ ಹೋಗುತ್ತಿರಲಿಲ್ಲ. ಮಹಜರಿನ ಮೊದಲ ಸಾಲಿಗಾಗಿ ಹೋಗುತ್ತಿದ್ದ. 'ಹಲಸೂರಿನ ಮರ್ಯಾದಸ್ತ ನಿವಾಸಿಯಾದ ಮುನಿರಾಜಪ್ಪ' ಎಂದು ಇನ್ಸ್‌ಪೆಕ್ಟರ್ ಹಯಗ್ರೀವ ಗಟ್ಟಿಯಾಗಿ ಓದಿದಾಗಲೆಲ್ಲ ಅವನ ಎದೆ ಒಂದು ಗೇಣು ಮುಂದೆ ಬರುತ್ತಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇನ್ನಾರು ಹಾಗೆ ಬರೆದುಕೊಡುತ್ತಾರೆ? ಹೆಂಡತಿ ಪಿಳ್ಳಮ್ಮ, "ಪ್ರತಿ ಸಲಾನೂ ಬರ್ಕೋತಾರಲ್ಲ, ಅವ್ರಿಗೇ ಇನ್ನೂ ನಂಬ್ಕೆ ಬಂದಂಗಿಲ್ಲ" ಎನ್ನುತ್ತಿದ್ದಳು. ಅವಳಿಗೆ ಕಾನೂನು ತಿಳಿಯದು ಎಂದು ಅವನು ಸುಮ್ಮನಾಗುತ್ತಿದ್ದ.

ದಾಳಿಯಲ್ಲಿ ಒಂದು ಶಾಸ್ತ್ರವಿತ್ತು. ಮನೆಯೊಳಗೆ ಕಾಲಿಡುವ ಮೊದಲು ಅಧಿಕಾರಿಯೂ ಪಂಚರೂ ತಮ್ಮ ಅಂಗಶೋಧನೆಗೆ ಒಪ್ಪಬೇಕು. ಇವರೇ ಏನನ್ನಾದರೂ ಜೇಬಿನಲ್ಲಿಟ್ಟುಕೊಂಡು ಬಂದು ಮನೆಯೊಳಗೆ ಹಾಕಿಬಿಟ್ಟರು ಎಂದು ನಾಳೆ ಯಾರೂ ಹೇಳಬಾರದು ನೋಡಿ, ಅದಕ್ಕೆ. ಹಯಗ್ರೀವ ಮೂಗಿನೊಳಗೇ ಏನೋ ಗೊಣಗುತ್ತಿದ್ದ, ಮನೆಯವರು ನಡುಗುತ್ತ "ಅಯ್ಯೋ, ಬೇಡ ಸ್ವಾಮಿ" ಎನ್ನುತ್ತಿದ್ದರು. 'ಅಂಗಶೋಧನೆಗೆ ಒಪ್ಪಿದೆವು, ಮನೆಯವರು ಬೇಡವೆಂದರು' ಎಂಬ ಸಾಲು ಮಹಜರಿನಲ್ಲಿ ಬೀಳುತ್ತಿತ್ತು. ಮನೆಗೆ ಬಂದ ಹುಲಿಯ ಹಲ್ಲು ಎಣಿಸುತ್ತೇನೆ ಎನ್ನುವವರು ಯಾರಿದ್ದಾರೆ?

ಆ ವರ್ಷ ಮಳೆಗಾಲಕ್ಕೆ ಮುಂಚೆ ಕೆ.ಆರ್. ಪುರದ ಸಂತೆಯಲ್ಲಿ ಒಂದು ಕೇಸಾಯಿತು. ಅಡವಿನ ಅಂಗಡಿಯೊಂದನ್ನು ಕಾಯುತ್ತಿದ್ದ ಇಲಾಖೆಯವರ ಕೈಗೆ ಅಂಗಡಿಯವನು ಸಿಗಲಿಲ್ಲ, ಅಲ್ಲಿಂದ ಇಳಿದುಬಂದ ಸೊಪ್ಪು ಮಾರುವ ಚಿಕ್ಕಮುನಿಯಮ್ಮ ಸಿಕ್ಕಳು. ಅವಳ ಸೆರಗಿನ ಗಂಟಿನಲ್ಲಿ ಹುಣಸೆ ಬೀಜದಷ್ಟು ಚಿನ್ನದ ಗಟ್ಟಿ ಇತ್ತು. ಆಗಿನ ಕಾನೂನಿನಲ್ಲಿ ಒಡವೆ ಇಟ್ಟುಕೊಳ್ಳಬಹುದು, ಗಟ್ಟಿ ಇಟ್ಟುಕೊಳ್ಳುವ ಹಾಗಿಲ್ಲ. ಕಿವಿಯಲ್ಲಿದ್ದರೆ ವಾಲೆ, ಕರಗಿಸಿ ಕೈಯಲ್ಲಿ ಹಿಡಿದರೆ ಅಪರಾಧ.

"ನಮ್ಮವ್ವನ ವಾಲೆ ಸ್ವಾಮಿ, ಮುರ್ದೋಗಿತ್ತು" ಎಂದು ಆಕೆ ಅತ್ತಳು. "ಕರಗ್ಸಿ ಹೊಸದು ಮಾಡ್ಸಾನ ಅಂತ ಮಡಗಿದ್ದೆ."

ಪಂಚನಾದವನು ಬಾಯಿ ಮುಚ್ಚಿಕೊಂಡಿರಬೇಕು. ಮುನಿರಾಜಪ್ಪನಿಗೆ ತಡೆಯಲಾಗಲಿಲ್ಲ. "ಒಡವೆ ಆದ್ರೆ ಒಡವೆ ಥರ ಇರ್ಬೇಕು ಕಣಮ್ಮ! ಇದು ಗಟ್ಟಿ. ಸರ್ಕಾರಕ್ಕೇನು ಕಣ್ಣಿಲ್ವಾ?" ಎಂದು ಗದರಿಸಿಬಿಟ್ಟ. ಹಯಗ್ರೀವನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ವಾಪಸು ಬರುವಾಗ ಜೀಪಿನಲ್ಲಿ ಮತ್ತೊಮ್ಮೆ ಹೇಳಿಸಿಕೊಂಡು ನಕ್ಕ.

ಇದಾದ ಮೇಲೆ ಪಿಳ್ಳಮ್ಮನ ಕಡಗದ ವಿಚಾರ ಬಂತು. ಕಮ್ಮನಹಳ್ಳಿಯ ತವರಿನಿಂದ ತಂದಿದ್ದ ಜೋಡಿ ಕಡಗದಲ್ಲಿ ಒಂದು ಕೀಲಿನ ಹತ್ತಿರ ಮುರಿದಿತ್ತು. ಎರಡನ್ನೂ ಕರಗಿಸಿ ಎರಡೆಳೆ ಸರ ಮಾಡಿಸಬೇಕೆಂದು ಅವಳ ಆಸೆ. ಹೊಸ ಸೀರೆಯಿಲ್ಲದೆ ಹಬ್ಬ ಕಳೆದವಳು, ಮಿಷನ್ನಿಗೆ ಮೋಟಾರು ತರುವಾಗಲೂ ಆ ಕಡಗ ಬಿಚ್ಚಿಕೊಡದವಳು, ಈಗ ತಾನಾಗಿಯೇ ಕೈಯಿಂದ ಕಳಚಿ ಕೊಟ್ಟಳು. "ನಮ್ಮಪ್ಪ ಎತ್ತು ಮಾರಿ ಮಾಡ್ಸಿದ್ದು. ಜೋಪಾನ" ಎಂದಳು, ಅಷ್ಟೇ.

ಮುನಿರಾಜಪ್ಪ ಪ್ರಪಂಚದಲ್ಲಿ ಯಾರನ್ನೂ ನಂಬುತ್ತಿರಲಿಲ್ಲ, ಅದರಲ್ಲೂ ಅಕ್ಕಸಾಲಿಗರನ್ನು. ಬಜಾರಿನ ವೀರಾಚಾರಿಯ ಕುಲುಮೆಯ ಮುಂದೆ ಮಣೆ ಹಾಕಿಸಿಕೊಂಡು ಕೂತು, ಕಡಗ ಕತ್ತರಿಸಿದ್ದರಿಂದ ಹಿಡಿದು ಕರಗಿ ಕೆಂಪಗೆ ಹೊಳೆದು ಗಟ್ಟಿಯಾಗುವವರೆಗೆ ಕಣ್ಣು ಮಿಟುಕಿಸದೆ ನೋಡಿದ. ತಕ್ಕಡಿಗೆ ಹಾಕಿದಾಗ ಒಂದು ಗುಲಗಂಜಿಯಷ್ಟು ಕಮ್ಮಿ ಬಂತು.

"ಎಲ್ಲಯ್ಯಾ ಹೋಯ್ತು?"

"ಬೆಂಕಿ ಸ್ವಲ್ಪ ತಿನ್ನುತ್ತೆ ಮುನಿರಾಜಪ್ಪಣ್ಣ."

"ನಿನ್ನ ಬೆಂಕಿಗೆ ಒಳ್ಳೇ ಹಸಿವು!"

ವೀರಾಚಾರಿ ನಗಲಿಲ್ಲ. "ನಿಮ್ಮ ಕಲ್ಲೂ ಹಿಟ್ಟು ತಿನ್ನುತ್ತೆ ಅಂತೀರಲ್ಲ, ಹಂಗೇ" ಎಂದು ಇಕ್ಕಳ ಕೆಳಗಿಟ್ಟ. "ನಾಳೆ ಅಮಾವಾಸ್ಯೆ. ನಾವು ಸುತ್ತಿಗೆ ಮುಟ್ಟಲ್ಲ. ನಾಡಿದ್ದು ತಂತಿ ಎಳೀತೀನಿ. ಗಟ್ಟಿ ಇಲ್ಲೇ ಬಿಟ್ಟೋಗಿ."

"ಬಿಟ್ಟೋದ್ರೆ ನಾಡಿದ್ದಿಗೆ ಅರ್ಧ ತಾಮ್ರ ಆಗಿರುತ್ತೆ. ನಾನೇ ತಗೊಂಡೋಗಿ ನಾಡಿದ್ದು ತರ್ತೀನಿ. ನನ್ನ ಮುಂದೇನೇ ಎಳಿ."

"ಅಣ್ಣಾ, ನನ್ನ ಹತ್ರ ಸರ್ಕಾರದ ಸರ್ಟಿಫಿಕೇಟ್ ಇದೆ. ಗಟ್ಟಿ ನನ್ನ ಪೆಟ್ಟಿಗೇಲಿ ಇದ್ರೆ ಅದು ಕಸುಬು. ನಿಮ್ಮ ಸೊಂಟದಲ್ಲಿ ಇದ್ರೆ..."

"ಇದ್ರೆ ಏನಯ್ಯಾ? ಯಾರ ಹತ್ರ ಕಾನೂನು ಮಾತಾಡ್ತಿದ್ದೀಯ? ದಾಳಿಗೆ ಹೋಗೋನು ನಾನು! ನನ್ನ ಹೆಂಡ್ತಿ ಕಡಗ ನನ್ನ ಸೊಂಟದಲ್ಲಿ ಇರ್ಬಾರ್ದಾ?"

ಮನುಷ್ಯನ ಕಣ್ಣೇ ಹಾಳು. ಕೆ.ಆರ್. ಪುರದ ಹೆಂಗಸಿನ ಸೆರಗಿನಲ್ಲಿದ್ದದ್ದು ಅವನಿಗೆ ಗಟ್ಟಿಯಾಗಿ ಕಂಡಿತ್ತು. ಕೈಯಲ್ಲಿ ಇನ್ನೂ ಬೆಚ್ಚಗಿದ್ದ ಇದು ಕಡಗವಾಗಿಯೇ ಕಾಣುತ್ತಿತ್ತು. ಎಲೆಅಡಿಕೆ ಸಂಚಿಯ ಒಳಗಿನ ಖಾನೆಗೆ ಅದನ್ನು ತುರುಕಿ, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ವೀರಾಚಾರಿಯನ್ನು ಇನ್ನೊಮ್ಮೆ ದುರುಗುಟ್ಟಿ ನೋಡಿ ಹೊರಟ.

ಬಜಾರು ದಾಟುವುದರೊಳಗೆ ಜೀಪು ಪಕ್ಕದಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಮುನಿಶಾಮಿ ಆಗಲೇ ಕಾಫಿ ಕುಡಿದ ಮುಖದಲ್ಲಿ ಕೂತಿದ್ದ.

"ಒಳ್ಳೇ ಹೊತ್ತಿಗೆ ಸಿಕ್ರಿ ಮುನಿರಾಜಪ್ಪನೋರೇ, ಹತ್ತಿ" ಎಂದ ಹಯಗ್ರೀವ. "ನಿಮ್ಮ ಗಲ್ಲೀಲೇ ಇವತ್ತು. ವಾಚು ರಿಪೇರಿ ಖಾದರ್. ಗಡಿಯಾರದ ಹೊಟ್ಟೇಲಿಟ್ಟು ಚಿನ್ನದ ಬಿಸ್ಕತ್ತು ಸಾಗಿಸ್ತಾನೆ ಅಂತ ಸುದ್ದಿ ಬಂದಿದೆ."

ಮನೆಗೆ ಹೋಗಿ ಸಂಚಿ ಇಟ್ಟು ಬರುತ್ತೇನೆ ಎನ್ನಬಹುದಿತ್ತು. ಅವನಿಗೆ ಹೊಳೆಯಲೂ ಇಲ್ಲ. ಹೊಳೆದದ್ದು ಇಷ್ಟೇ: ಅಂಗಿ ಬಿಳಿಯದು ಹಾಕಿಕೊಂಡಿದ್ದೇನೆ, ಸದ್ಯ.

ಖಾದರನ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ಖಾದರ್ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಎದ್ದು ನಿಂತ. ಒಳಬಾಗಿಲಿನಲ್ಲಿ ದೊಡ್ಡ ಮರದ ಪೆಟ್ಟಿಗೆಯ ಮೇಲೆ ಅವನ ತಾಯಿ ಉಮ್ಮೆ ಕುಲ್ಸುಂ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಬೀದಿಗೆಲ್ಲ ಅವಳು ಖಾಲಾ, ಎಂದರೆ ಚಿಕ್ಕಮ್ಮ. ಮುನಿರಾಜಪ್ಪನ ಮಿಷನ್ನಿಗೂ ಅವಳಿಗೂ ಹಳೆಯ ಜಗಳ. ಅವಳ ಪ್ರಕಾರ ಅವಳ ಗೋಧಿ ಅಲ್ಲಿ ಪ್ರತಿ ಸಲವೂ ಒಂದು ಹಿಡಿ ಕಮ್ಮಿಯಾಗುತ್ತಿತ್ತು. ಅವನ ಪ್ರಕಾರ ಬೀಸುವ ಕಲ್ಲು ಸ್ವಲ್ಪ ತಿನ್ನುತ್ತಿತ್ತು.

ಹಯಗ್ರೀವ ಗಂಟಲು ಸರಿಮಾಡಿಕೊಂಡು ಮುನಿರಾಜಪ್ಪನ ಕಡೆ ಬಾಗಿದ. "ಈಗ ಹೊಸ ಕ್ರಿಮಿನಲ್ ಕೋಡ್ ಬಂದಿದೆ. ವಕೀಲರು ಎಲ್ಲದರಲ್ಲೂ ತೂತು ಹುಡುಕ್ತಾರೆ. ಆ ಅಂಗಶೋಧನೆ ಮಾತನ್ನ ಶಾಸ್ತ್ರಕ್ಕೆ ಅಂತ ಗೊಣಗಬೇಡಿ, ಮನೆಯವರಿಗೆ ತಿಳಿಯೋ ಭಾಷೇಲಿ ಬಾಯಿಬಿಟ್ಟು ಕೇಳಿ ಅಂತ ಮೇಲಿನವರು ಹೇಳಿದ್ದಾರೆ. ನಿಮಗೆ ಉರ್ದು ಬರುತ್ತಲ್ಲ, ನೀವೇ ಕೇಳಿಬಿಡಿ."

ಕಂಟೋನ್ಮೆಂಟಿನಲ್ಲಿ ಹುಟ್ಟಿ ಬೆಳೆದವನಿಗೆ ಉರ್ದು ಬರುವುದಿಲ್ಲವೇ? ಮುನಿರಾಜಪ್ಪ ಒಂದು ಹೆಜ್ಜೆ ಮುಂದೆ ಬಂದ. "ಖಾಲಾ, ತುಮೇ ಹಮಾರಿ ತಲಾಶಿ ಲೇಸಕ್ತೇ. ತುಮಾರಾ ಹಕ್ ಹೈ!"

"ಕನ್ನಡದಲ್ಲೇ ಹೇಳು ಮುನಿರಾಜಪ್ಪ" ಎಂದಳು ಉಮ್ಮೆ ಕುಲ್ಸುಂ, ಬೆಳ್ಳುಳ್ಳಿಯಿಂದ ತಲೆಯೆತ್ತದೆ. "ನಿನ್ನ ಉರ್ದು ಕೇಳಿದ್ರೆ ನನ್ನ ಹಲ್ಲು ನೋಯುತ್ತೆ."

ಮುನಿಶಾಮಿ ಕಿಸಕ್ಕೆಂದ. ಮುನಿರಾಜಪ್ಪನ ಕಿವಿ ಬಿಸಿಯಾಯಿತು. ಇನ್ನಷ್ಟು ಜೋರಾಗಿ, ಅಕ್ಕಪಕ್ಕದ ಕಿಟಕಿಗಳಿಗೂ ಕೇಳುವ ಹಾಗೆ, "ಒಳಗೆ ಬರೋಕ್ಮುಂಚೆ ನಮ್ಮ ಮೈ ಜೇಬು ಎಲ್ಲಾ ನೀವು ನೋಡ್ಬಹುದು ಖಾಲಾ. ಕಾನೂನು ಕೊಟ್ಟಿರೋ ಹಕ್ಕು. ಮರ್ಯಾದಸ್ತರಿಗೆ ಮುಚ್ಚಿಡೋದು ಏನಿರುತ್ತೆ? ನೋಡ್ಬೇಕಾ?" ಎಂದು ಎರಡೂ ಕೈ ಎತ್ತಿ ನಿಂತು, ಮಾಮೂಲಿನ 'ಅಯ್ಯೋ ಬೇಡ'ಕ್ಕೆ ಕಾದ.

ಉಮ್ಮೆ ಕುಲ್ಸುಂ ಈಗ ತಲೆಯೆತ್ತಿದಳು. "ಹೌ. ನೋಡ್ಬೇಕು."

"ಏನು?"

"ನೋಡ್ಬೇಕು ಅಂದೆ. ನನ್ನ ಗೋಧಿ ಹಿಟ್ಟು ಎಲ್ಲಿ ಹೋಗುತ್ತೆ ಅಂತ ಎಷ್ಟು ವರ್ಷದಿಂದ ನೋಡ್ಬೇಕಿತ್ತು. ಖಾದರ್, ನೋಡೋ. ಸಾಹೇಬರಿಂದ ಶುರು ಮಾಡು."

ಖಾದರ್ ಮೆತ್ತಗಿನ ಮನುಷ್ಯ. ವಾಚಿನ ಚಕ್ರ ಮುಟ್ಟುವ ಹಾಗೆ ಎರಡು ಬೆರಳಿನಲ್ಲಿ ಹಯಗ್ರೀವನ ಜೇಬು ಮುಟ್ಟಿದ. ಪೆನ್ನು, ಕರವಸ್ತ್ರ, ಬಸ್ ಟಿಕೆಟ್ಟು. ಆಮೇಲೆ ಅವನ ಕಣ್ಣು ಸಾಹೇಬರ ಮಣಿಕಟ್ಟಿನ ಮೇಲೆ ನಿಂತಿತು.

"ಒಳ್ಳೇ ವಾಚು ಸಾರ್. ಈ ಮಾಲು ನಮ್ಮ ದೇಶದಲ್ಲಿ ಮಾಡಲ್ಲ."

"ನಮ್ಮ ಭಾವ ಕೊಟ್ಟಿದ್ದು" ಎಂದು ಹಯಗ್ರೀವ ತೋಳು ಕೆಳಗೆಳೆದುಕೊಂಡ.

"ರಸೀತಿನೂ ಕೊಟ್ಟಿದ್ರಾ ಸಾರ್?"

"ಮುಂದೆ ನೋಡಯ್ಯಾ, ಮುಂದೆ!"

ಮುನಿಶಾಮಿಯ ಜೇಬಿನಲ್ಲಿ ಬೀಡಿಕಟ್ಟು ಮತ್ತು ಒಂದು ಮಟ್ಕಾ ಚೀಟಿ ಸಿಕ್ಕಿದವು. "ದಾರೀಲಿ ಬಿದ್ದಿತ್ತು" ಎಂದ ಮುನಿಶಾಮಿ. ಹಯಗ್ರೀವ ಗೋಡೆಯ ಗಡಿಯಾರ ನೋಡುತ್ತಿದ್ದ.

ಮುನಿರಾಜಪ್ಪ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದ. "ನೋಡಪ್ಪ, ಚೆನ್ನಾಗಿ ನೋಡು. ಹಿಟ್ಟು ಸಿಕ್ಕಿದ್ರೆ ನಿಮ್ಮಮ್ಮನಿಗೆ ಕೊಡು" ಎಂದು ನಕ್ಕ. ಖಾದರನ ಬೆರಳು ಸೊಂಟದ ಸಂಚಿಯನ್ನು ಮುಟ್ಟಿದಾಗ ಆ ನಗೆ ಬಾಯಲ್ಲೇ ಉಳಿಯಿತು, ಮುಖದ ಉಳಿದ ಭಾಗ ಮಾತ್ರ ಬಿಳಿಚಿತು. ಎತ್ತಿದ ಕೈ ತಾನಾಗಿಯೇ ಇಳಿದು ಸಂಚಿಯನ್ನು ಅಮುಕಿ ಹಿಡಿಯಿತು. ಅಷ್ಟು ಸಾಕಾಗಿತ್ತು. ಅಷ್ಟೊಂದು ದಾಳಿಗಳಲ್ಲಿ, ಯಾರ ಕೈ ಎಲ್ಲಿಗೆ ಹೋಗುತ್ತದೆ ನೋಡಿ ಸಾರ್ ಎಂದು ಹಯಗ್ರೀವನಿಗೆ ಕಣ್ಸನ್ನೆ ಮಾಡುತ್ತಿದ್ದವನು ಅವನೇ.

ಎಲೆ, ಅಡಿಕೆ, ಸುಣ್ಣದ ಡಬ್ಬಿ. ಒಳಗಿನ ಖಾನೆಯಿಂದ ಗಟ್ಟಿ. ಖಾದರ್ ಅದನ್ನು ವಾಚು ರಿಪೇರಿ ಮೇಜಿನ ಬಿಳಿ ಬಟ್ಟೆಯ ಮೇಲಿಟ್ಟ. ಗಡಿಯಾರಗಳೆಲ್ಲ ಟಿಕ್ ಟಿಕ್ ಎನ್ನುತ್ತಿದ್ದವು.

"ಅದು ಕಡಗ" ಎಂದ ಮುನಿರಾಜಪ್ಪ.

ಹಯಗ್ರೀವ ಮೇಜಿನ ಮೇಲೆ ಬಾಗಿ ಗಟ್ಟಿಯನ್ನು ನೋಡಿದ.

"ನನ್ನ ಹೆಂಡ್ತಿ ಕಡಗ ಸಾರ್! ಈಗ ತಾನೇ ವೀರಾಚಾರಿ ಹತ್ರ ಕರಗ್ಸಿದ್ದು. ನಾಡಿದ್ದು ಸರ ಮಾಡಿಸ್ಬೇಕು. ಬೇಕಾದ್ರೆ ಅವನನ್ನೇ ಕೇಳಿ!"

"ಕಡಗ ಎಲ್ಲಿ ಕಾಣುತ್ತೆ ಮುನಿರಾಜಪ್ಪ?" ಎಂದ ಹಯಗ್ರೀವ. ಹೆಸರಿನ ಕೊನೆಯ 'ಅವರು' ಆಗಲೇ ಬಿದ್ದುಹೋಗಿತ್ತು.

ಮುನಿಶಾಮಿ ನೆರವಿಗೆ ಬಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ಅಣ್ಣೇ, ಕೆ.ಆರ್. ಪುರದಲ್ಲಿ ನೀವು ಚೆನ್ನಾಗಿ ಹೇಳಿದ್ರಲ್ಲ, ಒಡವೆ ಆದ್ರೆ ಒಡವೆ ಥರ ಇರ್ಬೇಕು ಅಂತ..."

"ಬಾಯ್ಮುಚ್ಚೋ ಸೋಡಾ ನನ್ಮಗನೇ!"

ಹಯಗ್ರೀವ ಹಣೆ ಒರೆಸಿಕೊಂಡ. ಅವನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಇಲಾಖೆಯ ಮುಕ್ಕಾಲು ಕೇಸು ಈ ಮನುಷ್ಯನ ಸಹಿಯ ಮೇಲೆ ನಿಂತಿದ್ದವು. ಪಂಚನೇ ಆರೋಪಿಯಾದರೆ ಆ ಕೇಸುಗಳ ಗತಿ ಏನು? ಅವನು ದನಿ ತಗ್ಗಿಸಿ, "ನೋಡಿ ಅಮ್ಮ, ಇದು ಅವರ ಸ್ವಂತ ಎಲೆಅಡಿಕೆ ಸಂಚಿ. ನಾವು ಬಂದಿರೋದು ನಿಮ್ಮ ಮನೆ ನೋಡೋಕೆ. ಇದನ್ನ ಹೀಗೇ ಬಿಟ್ಟು..." ಎಂದ.

ಗೋಡೆಯ ತುಂಬ ಗಡಿಯಾರವಿದ್ದ ಆ ಕೋಣೆಯಲ್ಲಿ ಖಾದರ್ ಬಹಳ ವಿನಯದಿಂದ ಕೇಳಿದ: "ಸಾರ್, ನಿಮ್ಮ ವಾಚಲ್ಲಿ ಈಗ ಟೈಮ್ ಎಷ್ಟು?"

ಹಯಗ್ರೀವ ಮಾತು ನಿಲ್ಲಿಸಿದ. ಅಂಗಿಯ ತೋಳನ್ನು ವಾಚಿನ ಮೇಲೆ ಎಳೆದುಕೊಂಡು, ಚೀಲದಿಂದ ಕಾಗದ ತೆಗೆದು, "ಕಾನೂನು ಎಲ್ಲರಿಗೂ ಒಂದೇ" ಎಂದ. ಆ ಮಾತು ಹೇಳುವಾಗ ಅವನ ಮುಖ ನಿಜವಾಗಿಯೂ ನೊಂದಿತ್ತು.

ಮಹಜರು ಬರೆಯಬೇಕು. ಮಹಜರಿಗೆ ಇಬ್ಬರು ಮರ್ಯಾದಸ್ತರು ಬೇಕು. ಒಬ್ಬ ಮುನಿಶಾಮಿ, ಮಟ್ಕಾ ಚೀಟಿಯನ್ನು ಆಗಲೇ ಬಾಯಿಗೆ ಹಾಕಿಕೊಂಡುಬಿಟ್ಟಿದ್ದ. ಇನ್ನೊಬ್ಬರಿಗಾಗಿ ಜೀಪಿನ ಡ್ರೈವರ್ ಬೀದಿಯೆಲ್ಲ ತಿರುಗಿ ಬಂದ. ಕಿಟಕಿಗಳಲ್ಲಿ ತುಂಬಿದ್ದ ತಲೆಗಳೆಲ್ಲ ಮಾಯವಾಗಿದ್ದವು. ಹಲಸೂರಿಗೆ ಹಲಸೂರೇ ಸ್ನಾನಕ್ಕೆ ಹೋಗಿತ್ತು. ಹಯಗ್ರೀವ ಪೆಟ್ಟಿಗೆಯ ಮೇಲೆ ಕೂತವಳ ಕಡೆ ತಿರುಗಿದ.

"ಅಮ್ಮಾ, ನೀವೊಂದು ಸಹಿ ಹಾಕ್ತೀರಾ?"

"ಹಾಕ್ತೀನಿ. ಏನಂತ ಬರೀತೀಯ ನನ್ನ?"

"'ಹಲಸೂರಿನ ಮರ್ಯಾದಸ್ತ ನಿವಾಸಿಯಾದ ಉಮ್ಮೆ ಕುಲ್ಸುಂ' ಅಂತ."

"ಆಮೇಲೆ ಇದೇ ಮರ್ಯಾದಸ್ತ ನಿವಾಸಿ ಮನೇನ ನೀನು ಕಳ್ಳರ ಮನೆ ಅಂತ ತಡಕಾಡ್ತೀಯ? ಒಂದು ಕಾಗದದಲ್ಲಿ ಮರ್ಯಾದೆ, ಇನ್ನೊಂದರಲ್ಲಿ ಕಳ್ಳತನ. ಕೋರ್ಟಲ್ಲಿ ಯಾವ ಕಾಗದ ತೋರಿಸ್ತೀಯ ಬೇಟಾ?"

ಹಯಗ್ರೀವ ಪೆನ್ನಿನ ತುದಿ ಕಚ್ಚಿ ಯೋಚಿಸಿದ. ಹೊಸ ಕೋಡಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಮನೆ ಶೋಧನೆ ಇನ್ನೊಂದಿನ ಇಟ್ಕೊಳ್ಳೋಣ" ಎಂದ.

"ಹಂಗಾದ್ರೆ ಸಹಿ ಹಾಕ್ತೀನಿ" ಎಂದಳು ಉಮ್ಮೆ ಕುಲ್ಸುಂ. ಆದರೆ ಪೆಟ್ಟಿಗೆಯಿಂದ ಏಳಲಿಲ್ಲ. ಕಾಗದವೇ ಅವಳ ಹತ್ತಿರ ಹೋಯಿತು. ಆ ಪೆಟ್ಟಿಗೆಯಲ್ಲಿ ಹಳೆಯ ಗಡಿಯಾರದ ಸ್ಪ್ರಿಂಗುಗಳಿದ್ದವೋ ಬಿಸ್ಕತ್ತುಗಳಿದ್ದವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆಮೇಲೆ ಇಲಾಖೆಯವರು ಬಂದು ನೋಡಿದಾಗ ಅದರಲ್ಲಿ ಬೆಳ್ಳುಳ್ಳಿ ಇತ್ತು.

ಸಹಿಗೆ ಮೊದಲು ಶಾಸ್ತ್ರ ಆಗಬೇಕಲ್ಲ. ಹಯಗ್ರೀವ ಕಣ್ಣು ಕಾಗದದ ಮೇಲಿಟ್ಟುಕೊಂಡೇ ಕೇಳಿದ: "ಮುನಿರಾಜಪ್ಪ, ನಾನೂ ಈ ಪಂಚರೂ ಅಂಗಶೋಧನೆಗೆ ಒಪ್ಪಿದ್ದೀವಿ. ನೀನು ನಮ್ಮನ್ನ ಶೋಧನೆ ಮಾಡ್ಬೇಕಾ?"

ಮುನಿರಾಜಪ್ಪ ಇನ್ಸ್‌ಪೆಕ್ಟರನ ಮಣಿಕಟ್ಟು ನೋಡಿದ. ಮುನಿಶಾಮಿಯ ಉಬ್ಬಿದ ಕೆನ್ನೆ ನೋಡಿದ. ಮುದುಕಿ ಕೂತಿದ್ದ ಪೆಟ್ಟಿಗೆಯನ್ನೂ ನೋಡಿದ. ಮೂರರ ಬಗ್ಗೆಯೂ ಹೇಳಬಹುದಾಗಿತ್ತು. ಆದರೆ ಮೇಜಿನ ಮೇಲಿನ ಗಟ್ಟಿಗೆ ಅರಗು ಹಚ್ಚಿ ಮೊಹರು ಒತ್ತಲು ಡ್ರೈವರ್ ಕಡ್ಡಿ ಗೀರಿದ್ದ. ಮುನಿರಾಜಪ್ಪನಿಗೆ ಪಿಳ್ಳಮ್ಮನ ಬರಿಗೈ ಒಂದೇ ಕಣ್ಣಮುಂದೆ ಬಂತು.

"ಅಯ್ಯೋ, ಬೇಡ ಸ್ವಾಮಿ" ಎಂದ.

ಮನೆಯಲ್ಲಿ ಪಿಳ್ಳಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಅವನೇ ಕೂಗಾಡಿದ. ಆಚಾರಿಗೆ ಬೈದ, ಖಾದರನಿಗೆ ಬೈದ, ಅಮಾವಾಸ್ಯೆಗೆ ಬೈದ. ಎಲ್ಲ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು: "ಆಚಾರಿ ಹತ್ರ ಬಿಟ್ಟಿದ್ರೆ ಒಂದು ಗುಲಗಂಜಿ ತಿಂತಿದ್ದ. ನೀವು ಯಾರಿಗೆ ತಿನ್ಸಿ ಬಂದ್ರಿ?"

ಅವನ ಕೇಸಿನ ತಾರೀಕು ಬರುವುದಕ್ಕೆ ಮೊದಲೇ ಕೆ.ಆರ್. ಪುರದ ಚಿಕ್ಕಮುನಿಯಮ್ಮನ ಕೇಸು ಬಂತು. ಅದಕ್ಕೆ ಸಾಕ್ಷಿ ಮುನಿರಾಜಪ್ಪನೇ. ಬಿಳಿ ಅಂಗಿ ತೊಟ್ಟುಕೊಂಡೇ ಹೋದ. ಆಕೆಯ ಕಡೆಯ ವಕೀಲ ಕೃಷ್ಣಸ್ವಾಮಿ ಎಂಬ ಹುಡುಗ, ಸರ್ಕಾರವೇ ನೇಮಿಸಿಕೊಟ್ಟವನು, ಕೋಟು ಇನ್ನೂ ಮೈಗೆ ಕೂತಿರಲಿಲ್ಲ.

"ಹಲಸೂರಿನ ನೀವು ಕೆ.ಆರ್. ಪುರದ ಸಂತೇಲಿ ಹೇಗ್ರೀ ಸ್ಥಳೀಯರಾದ್ರಿ?"

"ಜೀಪಲ್ಲಿ ಹೋದೆ."

ಕೋರ್ಟು ನಕ್ಕಿತು.

"ನಿಮ್ಮ ಮೇಲೂ ಇದೇ ಥರದ ಕೇಸಿದೆ ಅಲ್ವಾ? ನಿಮ್ಮ ಹತ್ರನೂ ಗಟ್ಟಿ ಸಿಕ್ತು ಅಲ್ವಾ? ಹಾಗಾದ್ರೆ ನೀವೂ ಕಳ್ಳಸಾಗಣೆಯವರು ಅಂತಾಯ್ತು."

ಅಲ್ಲಿಗೆ ಮುನಿರಾಜಪ್ಪನ ತಾಳ್ಮೆ ತಪ್ಪಿತು. "ಯಾರ್ರೀ ಕಳ್ಳ? ಮುರಿದ ಒಡವೆ ಕರಗ್ಸಿದ್ರೆ ಗಟ್ಟಿ ಆಗದೆ ಇನ್ನೇನು ಹಪ್ಪಳ ಆಗುತ್ತಾ? ಹೊಸದು ಮಾಡಿಸೋತನಕ ಯಾರ ಹತ್ರ ಇದ್ರೂ ಅದು ಗಟ್ಟಿನೇ! ಊರಲ್ಲಿರೋ ಹೆಂಗಸರನ್ನೆಲ್ಲ ಕೇಳಿ! ಅದು ಒಡವೆ ಸ್ವಾಮಿ, ಒಡವೆ! ಕಳ್ಳ ಮಾಲಲ್ಲ!" ಎಂದು ಕಟಕಟೆ ಗುದ್ದಿದ.

ಅವನು ಕೂಗಿದ್ದು ತನ್ನ ಗಟ್ಟಿಗಾಗಿ. ಮ್ಯಾಜಿಸ್ಟ್ರೇಟರು ಬರೆದುಕೊಂಡದ್ದು ಚಿಕ್ಕಮುನಿಯಮ್ಮನ ಗಟ್ಟಿಗೆ. ಪಂಚನೇ ಒಡವೆ ಎನ್ನುತ್ತಿದ್ದಾನೆ, ಅಲ್ಲದೆ ಇಂಥ ಪಂಚನ ಮಾತು ನಂಬಿ ಯಾರನ್ನೂ ಶಿಕ್ಷಿಸಲಾಗದು ಎಂದು ಆಕೆಯನ್ನು ಬಿಟ್ಟುಬಿಟ್ಟರು. ಅವನ ಮಾತು ನಂಬಿದರೂ ಆಕೆ ಪಾರು, ನಂಬದಿದ್ದರೂ ಪಾರು. ಗಟ್ಟಿಯನ್ನು ಹಾಗೇ ಕೈಗೆ ಕೊಟ್ಟರೆ ಮತ್ತೆ ಅಪರಾಧವಾಗುತ್ತದಲ್ಲ, ಅದಕ್ಕೆ ಸರ್ಟಿಫಿಕೇಟಿನ ಆಚಾರಿಯಿಂದ ಒಡವೆ ಮಾಡಿಸಿಯೇ ಕೊಡಬೇಕೆಂದು ಆರ್ಡರಾಯಿತು. ಇಲಾಖೆಯ ಇನ್ನೂ ಎಷ್ಟೋ ಕೇಸುಗಳು ಅದೇ ದಾರಿ ಹಿಡಿದವು. ಯಾರ್ಯಾರ ಮನೆಯಲ್ಲೋ ಪಾಯಸ ಮಾಡಿದರು.

ತನ್ನ ಕೇಸಿನಲ್ಲಿ ಮುನಿರಾಜಪ್ಪ ಅದೇ ಮಾತನ್ನು ಅಷ್ಟೇ ಜೋರಾಗಿ, ಕಟಕಟೆಯನ್ನು ಅಷ್ಟೇ ಬಲವಾಗಿ ಗುದ್ದಿ ಹೇಳಿದ. ವೀರಾಚಾರಿಯನ್ನು ಸಾಕ್ಷಿಗೆ ಕರೆಸಬಹುದೆಂದು ಅವನ ವಕೀಲ ಹೇಳಿದ್ದ. ಮುನಿರಾಜಪ್ಪನೇ ಹೋಗಿ ಕೇಳಿದ್ದ. "ನಾನು ಬಂದು ಏನಂತ ಹೇಳ್ಲಿ ಅಣ್ಣಾ? ಇಲ್ಲೇ ಬಿಟ್ಟೋಗಿ ಅಂದೆ, ತಾಮ್ರ ಬೆರೆಸ್ತೀಯ ಅಂದ್ರಿ ಅಂತಾನಾ?" ಎಂದು ಆಚಾರಿ ಊದುಗೊಳವೆ ಎತ್ತಿಕೊಂಡಿದ್ದ. ಸಾಕ್ಷಿಯ ಬಾಯಲ್ಲಿ ಬಂದಾಗ ತೂಕವಿದ್ದ ಮಾತಿಗೆ ಆರೋಪಿಯ ಬಾಯಲ್ಲಿ ತೂಕವಿರಲಿಲ್ಲ. ಉಮ್ಮೆ ಕುಲ್ಸುಂ ಬುರ್ಖಾ ತೊಟ್ಟು ಬಂದು, ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದಳು: ಸಂಚಿ ಅವನದೇ, ಗಟ್ಟಿ ಅದರಲ್ಲೇ ಇತ್ತು, ತನಗೆ ಅವನ ಮೇಲೆ ದ್ವೇಷವಿಲ್ಲ, ಹಿಟ್ಟಿನ ವಿಚಾರ ಬೇರೆ. ದಂಡ ಬಿತ್ತು. ಗಟ್ಟಿ ಸರ್ಕಾರದ ಖಜಾನೆಗೆ ಹೋಯಿತು. ಅದನ್ನು ತಿಂದದ್ದಕ್ಕೆ ಬೆಂಕಿಯ ಹೆಸರನ್ನೂ ಹೇಳುವ ಹಾಗಿರಲಿಲ್ಲ, ಕಲ್ಲಿನ ಹೆಸರನ್ನೂ ಹೇಳುವ ಹಾಗಿರಲಿಲ್ಲ.

ಅದಾದ ಮೇಲೂ ಜೀಪು ಬೀದಿಯ ತುದಿಗೆ ಬರುತ್ತಿತ್ತು. ಸದ್ದು ಅವನಿಗೆ ಕೇಳುತ್ತಲೂ ಇತ್ತು. ಗೂಟದ ಕಡೆ ಕೈ ಹೋಗಿ ಹಾಗೇ ವಾಪಸು ಬರುತ್ತಿತ್ತು. ಜೀಪು ಸೋಡಾ ಅಂಗಡಿಯ ಮುಂದೆ ನಿಂತು ಮುಂದೆ ಹೋಗುತ್ತಿತ್ತು. ಒಂದು ಸಲ ಉಮ್ಮೆ ಕುಲ್ಸುಂಳನ್ನೂ ಕರೆದರಂತೆ. "ಮೊದಲು ನಿಮ್ಮನ್ನೆಲ್ಲ ನೋಡ್ಬೇಕು" ಎಂದಳಂತೆ. ಆಮೇಲೆ ಕರೆಯಲಿಲ್ಲ.

ದೀಪಾವಳಿ ಹತ್ತಿರ ಬಂದಿತ್ತು. ಮಿಷನ್ನಿನ ಮುಂದೆ ಉದ್ದಕ್ಕೆ ಸಾಲು ನಿಂತಿತ್ತು. ಪಿಳ್ಳಮ್ಮ ತೂಕ ಮಾಡಲು ಕೂತಿದ್ದಳು, ಕೈಯಲ್ಲಿ ಗಾಜಿನ ಬಳೆ. ತಲೆಯ ಮೇಲೆ ರಾಗಿ ಚೀಲ ಹೊತ್ತ ಒಬ್ಬ ಹೆಂಗಸು ಸಾಲು ಬಿಟ್ಟು ಸೀದಾ ಒಳಗೆ ಬಂದಳು.

"ಏಯ್, ಸಾಲಲ್ಲಿ ನಿಂತ್ಕೊಳಮ್ಮ! ನಿನಗೊಬ್ಬಳಿಗೇ ಹಸಿವಾ?" ಎಂದು ಮುನಿರಾಜಪ್ಪ ಅಬ್ಬರಿಸಿದ.

"ನಾನು ಸ್ವಾಮಿ, ಕೆ.ಆರ್. ಪುರದ ಚಿಕ್ಕಮುನಿಯಮ್ಮ." ಅವಳು ಚೀಲ ಇಳಿಸಿ ಬಾಗಿ ಅವನ ಹಿಟ್ಟುಗಾಲು ಮುಟ್ಟಲು ಹೋದಳು. ಅವನು ಹಿಂದಕ್ಕೆ ಹಾರಿದ. "ನಿಮ್ಮಿಂದಾನೇ ನಮ್ಮವ್ವನ ಚಿನ್ನ ಬಂತು. ಕಟಕಟೆ ಗುದ್ದಿ ಗುದ್ದಿ ಹೇಳಿದ್ರಿ. ಹತ್ತಿರದಲ್ಲಿ ಮಿಷನ್ನು ಇದ್ರೂ ಹಬ್ಬದ ರಾಗಿ ನಿಮ್ಮತ್ರಾನೇ ಬೀಸಿಸ್ಬೇಕು ಅಂತ ಬಸ್ಸಲ್ಲಿ ಹೊತ್ಕೊಂಡು ಬಂದೆ."

ಮುನಿರಾಜಪ್ಪ ಕೈಗೆ ಮೆತ್ತಿದ್ದ ಹಿಟ್ಟನ್ನು ಕೊಡವಿದ.

ಅವಳು ತಲೆಯ ಮೇಲಿನ ಸೆರಗು ಸರಿಸಿ, ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು ಕಿವಿ ತೋರಿಸಿದಳು. ಎರಡರಲ್ಲೂ ಹೊಸ ವಾಲೆ ಹೊಳೆಯುತ್ತಿತ್ತು. "ಇಲ್ಲೇ ನಿಮ್ಮ ವೀರಾಚಾರಿನೇ ಮಾಡಿಕೊಟ್ಟಿದ್ದು. ಅವತ್ತು ಸಂತೇಲಿ ಹೇಳಿದ್ರಲ್ಲ ಸ್ವಾಮಿ, ಒಡವೆ ಆದ್ರೆ ಒಡವೆ ಥರ ಇರ್ಬೇಕು ಅಂತ. ಈಗ ಸರಿಯಾಗೈತಾ, ನೋಡಿ."

ಸಾಲಿನಲ್ಲಿದ್ದ ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು. ಪಿಳ್ಳಮ್ಮನೂ ನೋಡಿದಳು. ವಾಲೆಯನ್ನಲ್ಲ, ಗಂಡನನ್ನು.

"ಸರಿಯಾಗೈತೆ" ಎಂದು ಮುನಿರಾಜಪ್ಪ ರಾಗಿಯ ಚೀಲವನ್ನು ತಾನೇ ಎತ್ತಿ ಮಿಷನ್ನಿನ ಬಾಯಿಗೆ ಸುರಿದು ಸ್ವಿಚ್ಚು ಒತ್ತಿದ. ಆ ಸದ್ದಿನಲ್ಲಿ ಪಿಳ್ಳಮ್ಮ ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಬೀಸಿ ಮುಗಿದ ಮೇಲೆ ಮೂಲೆಯಲ್ಲಿದ್ದ ತನ್ನ ಹಿಟ್ಟಿನ ಡಬ್ಬದಿಂದ ಒಂದು ಹಿಡಿ ಹಿಟ್ಟು ತೆಗೆದು ಚಿಕ್ಕಮುನಿಯಮ್ಮನ ಚೀಲಕ್ಕೆ ಹಾಕಿದ.

"ಇದ್ಯಾಕೆ ಸ್ವಾಮಿ?"

"ಕಲ್ಲು ತಿಂದಿದ್ದು" ಎಂದು ಗದರಿ, ಸಾಲಿನಲ್ಲಿ ಮುಂದಿನವಳನ್ನು ಕರೆದ.